ಬಾಣಂತನಕ್ಕೆ ಇಳಿಸಿದ ಟ್ರಂಕಿನ ತುಂಬ ನುಸಿಗುಳಿಗೆ: ಈ ಬಟ್ಟೆಗಳನ್ನು ಮಗುವಿಗೆ ಬಳಸಬಹುದೇ?

ತೋಟದಮನೆ, ಮೂಡಿಗೆರೆ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಏಳು ತಿಂಗಳು. ಹೆರಿಗೆ ಶ್ರಾವಣದಲ್ಲಿ, ಬಾಣಂತನ ನಮ್ಮ ಮನೆಯಲ್ಲೇ. ಆ ಸಿದ್ಧತೆಗೆಂದು ನಿನ್ನೆ ಅಟ್ಟದಿಂದ ಅತ್ತೆಯವರ ಕಾಲದ ಕಬ್ಬಿಣದ ಟ್ರಂಕನ್ನು ಇಳಿಸಿದೆವು. ಮಗುವಿಗೆ ಸುತ್ತಲೆಂದೇ ಎತ್ತಿಟ್ಟಿದ್ದ, ಒಗೆದು ಒಗೆದು ಮೆತ್ತಗಾದ ಹತ್ತಿಯ ಸೀರೆಗಳು, ನನ್ನ ಮಗಳು ಹುಟ್ಟಿದಾಗ ಹಾಕಿದ್ದ ಉಣ್ಣೆಯ ಕುಲಾವಿ, ಎರಡು ಜರಿ ಅಂಚಿನ ರೇಷ್ಮೆ ಸೀರೆ, ಒಂದು ಕರಿಕಂಬಳಿ ಅದರಲ್ಲಿವೆ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದೊಂದು ಹಿಡಿ ನುಸಿಗುಳಿಗೆ ಹಾಕುತ್ತ ಬಂದಿದ್ದೇವೆ. ಮುಚ್ಚಳ ತೆಗೆದ ಕೂಡಲೇ ಕಣ್ಣು ಉರಿದು, ಅರ್ಧ ಗಂಟೆಯಲ್ಲಿ ನನಗೂ ಮಗಳಿಗೂ ತಲೆನೋವು ಬಂದಿತು. ಕೂಡಲೇ ಟ್ರಂಕನ್ನು ಜಗುಲಿಯ ಹೊರಗಿಟ್ಟಿದ್ದೇನೆ.

ನನ್ನ ಮುಖ್ಯ ಪ್ರಶ್ನೆ, ಆ ಸೀರೆ ಮತ್ತು ಕುಲಾವಿಯನ್ನು ಚೆನ್ನಾಗಿ ಒಗೆದು ಮಗುವಿಗೆ ಬಳಸಬಹುದೇ ಎಂಬುದು. ಜೊತೆಗೆ, ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲು ನುಸಿಗುಳಿಗೆ ಇಲ್ಲದೆ ಬೇರೆ ಯಾವ ದಾರಿ ಇದೆ? ನಮ್ಮ ಯಜಮಾನರು ಹಾವು ಬಾರದಿರಲಿ ಎಂದು ಇದೇ ಗುಳಿಗೆಯನ್ನು ಮನೆಯ ಸುತ್ತ ಎರಚುತ್ತಾರೆ. ಅದು ಸರಿಯೇ ಎಂಬುದನ್ನೂ ತಿಳಿದವರು ಹೇಳಬೇಕು.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಹಾಸನ

ತಾಯಿ, ಟ್ರಂಕನ್ನು ಹೊರಗಿಟ್ಟದ್ದು ಸರಿಯಾಯಿತು. ಮಗುವಿನ ವಿಚಾರವನ್ನು ವೈದ್ಯಕೀಯ ಕ್ಷೇತ್ರದವರು ಹೇಳಲಿ. ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ನಾನು ವಿವರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಅರ್ಧ ಪ್ರಶ್ನೆಗಳಿಗೆ ತಾವೇ ಉತ್ತರ ಕಂಡುಕೊಳ್ಳಬಹುದು.

ನಮ್ಮ ಕಡೆ ಇದನ್ನು ಡಾಂಬರು ಗುಳಿಗೆ ಎಂದೂ ಕರೆಯುತ್ತಾರೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಈ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವ ನ್ಯಾಫ್ತಲೀನ್ ಎಂಬ ರಾಸಾಯನಿಕ ಮೊದಲು ದೊರೆತದ್ದು ಕಲ್ಲಿದ್ದಲಿನ ಡಾಂಬರಿನಿಂದಲೇ, ಮತ್ತು 1826ರಲ್ಲಿ ಅದರ ರಾಸಾಯನಿಕ ಸೂತ್ರವನ್ನು ಕಂಡುಹಿಡಿದವರು ಮೈಕೆಲ್ ಫ್ಯಾರಡೆ. ಈ ವಸ್ತು ಕರಗಿ ನೀರಾಗದೆ, ಘನರೂಪದಿಂದ ನೇರವಾಗಿ ಆವಿಯಾಗುತ್ತದೆ. ಗುಳಿಗೆ ವರ್ಷದಿಂದ ವರ್ಷಕ್ಕೆ ಸವೆದು ಕಡಲೆಕಾಳಿನಷ್ಟಾಗುವುದು ಇದೇ ಕಾರಣಕ್ಕೆ. ಹುಳುವನ್ನು ಕೊಲ್ಲುವುದು ಗುಳಿಗೆಯಲ್ಲ, ಆ ಆವಿ. ಮತ್ತು ನಮ್ಮ ಮೂಗಿಗೆ ಬರುವ ವಾಸನೆ ಎಂದರೂ ಅದೇ ಆವಿ. ಆದ್ದರಿಂದ ಕೋಣೆಯಲ್ಲಿ ವಾಸನೆ ಬರುತ್ತಿದೆ ಎಂದರೆ, ಹುಳುವಿಗೆ ಸಲ್ಲಬೇಕಾದ ವಿಷ ಮನೆಯವರ ಉಸಿರಿಗೆ ಸೇರುತ್ತಿದೆ ಎಂದೇ ಅರ್ಥ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಆವಿ ಒಂದೆಡೆ ದಟ್ಟವಾಗಿ ನಿಂತರೆ ಮಾತ್ರ ನುಸಿಯ ಮೊಟ್ಟೆ ಮತ್ತು ಮರಿಹುಳು ಸಾಯುತ್ತವೆ. ಬಾಗಿಲು ಸರಿಯಾಗಿ ಕೂಡದ ಬೀರುವಿನಲ್ಲಿ, ತೆರೆದ ಗೂಡಿನಲ್ಲಿ, ಹಾಸಿಗೆಯ ಕೆಳಗೆ ಎಷ್ಟು ಗುಳಿಗೆ ಇಟ್ಟರೂ ನುಸಿಗೆ ಏನೂ ಆಗುವುದಿಲ್ಲ, ನಮಗೆ ತಲೆನೋವು ಮಾತ್ರ ಬರುತ್ತದೆ. ಎರಡನೆಯದಾಗಿ, ಈ ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಗುಳಿಗೆಯನ್ನು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ, ಬಟ್ಟೆಗಳ ಎಲ್ಲಕ್ಕಿಂತ ಮೇಲೆ ಇಡಬೇಕು. ನಾವೆಲ್ಲ ತಳದಲ್ಲಿ ಉದುರಿಸಿ ಮೇಲೆ ಬಟ್ಟೆ ಜೋಡಿಸುತ್ತ ಬಂದದ್ದು ತಿರುಗುಮುರುಗಿನ ಕ್ರಮ. ಎಷ್ಟು ಗುಳಿಗೆ ಎಂಬುದಕ್ಕೆ ಪೊಟ್ಟಣದ ಮೇಲಿನ ಸೂಚನೆಯೇ ಮಿತಿ. ಹಿಡಿಯಲ್ಲಿ ಅಳೆಯುವ ವಸ್ತು ಇದಲ್ಲ.

ತಮ್ಮ ಟ್ರಂಕಿನಲ್ಲಿರುವುದು ನಿಜವಾಗಿ ಯಾವ ಗುಳಿಗೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಿಳಿ ಗುಳಿಗೆಗಳೆಲ್ಲ ನ್ಯಾಫ್ತಲೀನ್ ಅಲ್ಲ. ಪ್ಯಾರಾಡೈಕ್ಲೋರೋಬೆಂಜೀನ್ ಎಂಬ ಬೇರೊಂದು ವಸ್ತುವೂ ಇದೇ ರೂಪದಲ್ಲಿ ಬರುತ್ತದೆ, ಕರ್ಪೂರದ ಬಿಲ್ಲೆಯೂ ನೋಡಲು ಹಾಗೆಯೇ ಇರುತ್ತದೆ. ಎರಡು ಗಾಜಿನ ಲೋಟ ತೆಗೆದುಕೊಂಡು, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ಕದಡಿ. 200 ಮಿಲಿಲೀಟರ್ ನೀರಿಗೆ ಸುಮಾರು 70 ಗ್ರಾಂ ಉಪ್ಪು ಹಿಡಿಸುತ್ತದೆ. ಬರೀ ನೀರಿನಲ್ಲೇ ತೇಲಿದರೆ ಅದು ಕರ್ಪೂರ. ಬರೀ ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿದರೆ ನ್ಯಾಫ್ತಲೀನ್. ಎರಡರಲ್ಲೂ ಮುಳುಗಿದರೆ ಪ್ಯಾರಾಡೈಕ್ಲೋರೋಬೆಂಜೀನ್. ಗುಳಿಗೆಗೆ ಗಾಳಿಯ ಗುಳ್ಳೆ ಅಂಟಿಕೊಂಡು ಸುಳ್ಳು ತೇಲುವುದುಂಟು, ಆದ್ದರಿಂದ ಕಡ್ಡಿಯಿಂದ ಒಮ್ಮೆ ಅದುಮಿ ಬಿಡಿ. ಮುಗಿದ ಮೇಲೆ ಆ ಲೋಟಗಳನ್ನು ಅಡುಗೆಮನೆಗೆ ತರಬೇಡಿ.

ಮಕ್ಕಳ ವಾರ್ಡಿನ ಶುಶ್ರೂಷಕಿ, ಚಿಕ್ಕಮಗಳೂರು

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಆ ಬಟ್ಟೆಗಳನ್ನು ಮಗುವಿಗೆ ಬಳಸಬೇಡಿ. ಅವುಗಳ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ, ನನ್ನ ತಾಯಿಯೂ ಹೀಗೆಯೇ ಗಂಟು ಕಟ್ಟಿ ಇಟ್ಟವರು; ಆದರೂ ಬೇಡ.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ನ್ಯಾಫ್ತಲೀನ್ ದೇಹವನ್ನು ಸೇರಿ ಮಾರ್ಪಾಟಾದಾಗ ಹುಟ್ಟುವ ವಸ್ತುಗಳು ರಕ್ತದ ಕೆಂಪುಕಣಗಳನ್ನು ಹಾಳುಮಾಡುತ್ತವೆ. ಆ ದಾಳಿಯಿಂದ ಕಣಗಳನ್ನು ಕಾಯಲು ಜಿ6ಪಿಡಿ ಎಂಬ ಕಿಣ್ವ ಬೇಕು. ಕೆಲವು ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ವಂಶದಿಂದ ಬರುವ ಈ ಕೊರತೆಯಿಂದ ತೊಂದರೆಗೊಳಗಾಗುವವರಲ್ಲಿ ಗಂಡುಮಕ್ಕಳೇ ಹೆಚ್ಚು. ಹೊರನೋಟಕ್ಕೆ ಅಂಥ ಮಗು ಸಂಪೂರ್ಣ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ನುಸಿಗುಳಿಗೆಯ ಬಟ್ಟೆಯಲ್ಲಿ ಸುತ್ತಿದ ಒಂದರಿಂದ ಮೂರು ದಿನಗಳೊಳಗೆ ಕೆಂಪುಕಣಗಳು ಒಡೆಯತೊಡಗಿ, ಮಗು ಬಿಳಿಚಿಕೊಳ್ಳುತ್ತದೆ, ಕಣ್ಣು ಮತ್ತು ಚರ್ಮ ಹಳದಿಯಾಗುತ್ತವೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹಾಲು ಕುಡಿಯಲು ಮನಸ್ಸು ಮಾಡದೆ ಮಂಕಾಗಿ ಮಲಗುತ್ತದೆ. ಎಳೆಗೂಸಿನ ಕಾಮಾಲೆ ಮಿತಿ ಮೀರಿದರೆ ಮಿದುಳಿಗೇ ಹಾನಿಯಾಗಬಹುದು. ಈ ಕೊರತೆ ಇಲ್ಲದ ಮಗುವಿನಲ್ಲೂ, ಯಕೃತ್ತು ಇನ್ನೂ ಬಲಿತಿರದ ಕಾರಣ, ವಿಷವನ್ನು ಹೊರಹಾಕುವ ಶಕ್ತಿ ಕಡಿಮೆಯೇ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನ್ಯಾಫ್ತಲೀನ್ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ, ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ನಾವು ಮಗುವಿಗೆ ದಿನವೂ ಎಣ್ಣೆ ತಿಕ್ಕುತ್ತೇವೆ, ಎರೆದ ಮೇಲೆ ಬೆಚ್ಚಗಿರಲಿ ಎಂದು ಬಿಗಿಯಾಗಿ ಸುತ್ತುತ್ತೇವೆ, ಬಾಣಂತಿ ಕೋಣೆಯ ಕಿಟಕಿ ಮುಚ್ಚಿಡುತ್ತೇವೆ. ಎಣ್ಣೆಯ ಮೈ, ಬಿಗಿ ಸುತ್ತು, ಮುಚ್ಚಿದ ಕೋಣೆ, ಈ ಮೂರೂ ಸೇರಿದರೆ ಬಟ್ಟೆಯಲ್ಲಿ ಉಳಿದ ಸ್ವಲ್ಪ ವಿಷವೂ ಚರ್ಮದ ಮೂಲಕ ಮತ್ತು ಉಸಿರಿನ ಮೂಲಕ ಒಳಗೆ ಹೋಗಲು ದಾರಿ ಸುಗಮವಾಗುತ್ತದೆ. ಅದೇ ಕಾರಣಕ್ಕೆ ಬರೀ ನೀರಿನಲ್ಲಿ ಜಾಲಿಸಿದರೆ ಬಟ್ಟೆ ಶುದ್ಧವಾಗುವುದಿಲ್ಲ.

ನಿಮ್ಮ ಮಗಳೂ ಆ ಟ್ರಂಕಿನ ಹತ್ತಿರ ಹೋಗದಿರಲಿ, ಏಕೆಂದರೆ ಗರ್ಭಿಣಿಯ ದೇಹವನ್ನು ಸೇರಿದ ನ್ಯಾಫ್ತಲೀನ್ ಮಗುವನ್ನೂ ತಲುಪುತ್ತದೆ.

ಹಿರಿಯರು, ಅರಸೀಕೆರೆ

ಶುಶ್ರೂಷಕಿಯವರ ಮಾತಿಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ತಾಯಿ ಒಂಬತ್ತು ಮಕ್ಕಳನ್ನು ಹೆತ್ತವರು. ಎಲ್ಲರನ್ನೂ ನುಸಿಗುಳಿಗೆಯ ಪೆಟ್ಟಿಗೆಯಿಂದ ತೆಗೆದ ಸೀರೆಯಲ್ಲೇ ಸುತ್ತಿದರು. ನಾವೆಲ್ಲ ಗಟ್ಟಿಯಾಗಿಯೇ ಬೆಳೆದೆವು. ಒಂದು ಸೀರೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಸೀಗೆಪುಡಿಯಲ್ಲಿ ಒಗೆದರೆ ಸಾಲದೇ? ಹಳೆಯ ಸೀರೆಯಷ್ಟು ಮೃದುವಾದ ಬಟ್ಟೆ ಅಂಗಡಿಯಲ್ಲಿ ಎಲ್ಲಿ ಸಿಗುತ್ತದೆ? ಅತಿಯಾಗಿ ಹೆದರಿಸುವುದೂ ಒಳ್ಳೆಯದಲ್ಲ ಎಂದು ನನಗೆ ತೋರುತ್ತದೆ.

ಮಕ್ಕಳ ವಾರ್ಡಿನ ಶುಶ್ರೂಷಕಿ, ಚಿಕ್ಕಮಗಳೂರು

ಅಜ್ಜಾ, ನಿಮ್ಮ ತಾಯಿಯವರು ಮಾಡಿದ್ದು ಪ್ರೀತಿಯಿಂದಲೇ. ಒಂಬತ್ತು ಮಕ್ಕಳಲ್ಲಿ ಒಬ್ಬರಿಗೂ ಆ ಕಿಣ್ವದ ಕೊರತೆ ಇರಲಿಲ್ಲವಾದರೆ, ಅಥವಾ ಬಟ್ಟೆಗೆ ಚೆನ್ನಾಗಿ ಗಾಳಿ ಆಡಿತ್ತಾದರೆ, ನೀವು ಹೇಳಿದಂತೆಯೇ ಯಾರಿಗೂ ಏನೂ ಆಗಿರುವುದಿಲ್ಲ. ನನ್ನ ಆತಂಕ ಇರುವುದು, ಕೊರತೆ ಇರುವ ಮಗು ಯಾವುದು ಎಂಬುದು ಮೊದಲೇ ತಿಳಿಯುವುದಿಲ್ಲ ಎಂಬಲ್ಲಿ. ಹಿಂದಿನ ದಿನಗಳಲ್ಲಿ ಎಳೆಗೂಸೊಂದು ಹಳದಿಯಾಗಿ ತೀರಿಕೊಂಡರೆ ಅದಕ್ಕೆ ಕಾರಣವನ್ನು ಯಾರು ಹುಡುಕುತ್ತಿದ್ದರು? ಹಳೆಯ ಹತ್ತಿ ಸೀರೆಯಷ್ಟು ಮೃದುವಾದದ್ದು ಬೇರೆ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅಂಥ ಸೀರೆ ದಿನಬಳಕೆಯ ಗೂಡಿನಲ್ಲಿ, ನೆರೆಮನೆಯಲ್ಲಿ, ಗುಳಿಗೆ ಸೋಂಕದೆ ಇದ್ದೇ ಇರುತ್ತದೆ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಬಳಸಿದರಾಯಿತು. ಹತ್ತಿಬಟ್ಟೆಗೆ ನುಸಿ ಬೀಳುವುದೇ ಅಪರೂಪವಾದ್ದರಿಂದ, ಮಗುವಿನ ಬಟ್ಟೆಗೆ ಗುಳಿಗೆ ಹಾಕುವ ಅಗತ್ಯವೇ ಇರಲಿಲ್ಲ.

ಇದೇ ಸಂದರ್ಭದಲ್ಲಿ ಮತ್ತೊಂದು ಮಾತನ್ನು ಎಲ್ಲರೂ ನೆನಪಿಡಬೇಕು. ತೆವಳುವ, ನಡೆಯಲು ಕಲಿಯುವ ಮಕ್ಕಳು ಇದನ್ನು ಪೆಪ್ಪರಮೆಂಟು ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಹಾಗಾದರೆ ವಾಂತಿ ಮಾಡಿಸಬಾರದು. ವಿಷ ಇಳಿಯಲಿ ಎಂದು ಹಾಲು, ತುಪ್ಪ, ಎಣ್ಣೆ ಕುಡಿಸುವುದಂತೂ ಕೂಡದು, ಏಕೆಂದರೆ ಕೊಬ್ಬಿನೊಂದಿಗೆ ಈ ವಿಷ ಇನ್ನೂ ಬೇಗ ರಕ್ತವನ್ನು ಸೇರುತ್ತದೆ. ಬಾಯಲ್ಲಿ ಉಳಿದ ಚೂರನ್ನು ತೆಗೆದು, 108ಕ್ಕೆ ಕರೆ ಮಾಡಿ, ಗುಳಿಗೆಯ ಪೊಟ್ಟಣ ಅಥವಾ ಉಳಿದ ಗುಳಿಗೆಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಮೊದಲ ದಿನ ಮಗು ಆಟವಾಡಿಕೊಂಡಿದ್ದರೂ ಸುಮ್ಮನಾಗುವಂತಿಲ್ಲ; ರಕ್ತದ ಮೇಲಿನ ಪರಿಣಾಮ ಎರಡನೆಯ, ಮೂರನೆಯ ದಿನ ಕಾಣಿಸಬಹುದು. ದೇವರ ಕೋಣೆಯ ಕರ್ಪೂರವನ್ನು ನುಂಗಿದರೆ ಪರಿಸ್ಥಿತಿ ಬೇರೆ, ಅಲ್ಲಿ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಯಾವುದನ್ನು ನುಂಗಿತು ಎಂದು ವೈದ್ಯರಿಗೆ ಹೇಳುವುದು ಅದಕ್ಕೇ ಅಷ್ಟು ಮುಖ್ಯ.

ಕಾಫಿ ಬೆಳೆಗಾರ, ಸಕಲೇಶಪುರ

ಹಾವಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಹಲವು ವರ್ಷ ಮಾಡಿದ್ದೇನೆ. ಮಳೆ ಶುರುವಾದ ಕೂಡಲೇ ಕಿಲೋಗಟ್ಟಲೆ ಗುಳಿಗೆ ತಂದು ಲೈನ್ ಮನೆಗಳ ಸುತ್ತ, ಸೌದೆ ಕೊಟ್ಟಿಗೆಯ ಸುತ್ತ ಎರಚಿಸುತ್ತಿದ್ದೆ. ಒಂದು ಬೆಳಿಗ್ಗೆ ಆ ಗುಳಿಗೆಗಳ ನಡುವೆಯೇ ಕೇರೆಹಾವು ಮಲಗಿತ್ತು. ತೆರೆದ ಬಯಲಿನಲ್ಲಿ ಆವಿ ನಿಲ್ಲುವುದಿಲ್ಲ, ಹಾವು ಅದನ್ನು ಲಕ್ಷಿಸುವುದೂ ಇಲ್ಲ. ಅದು ಬರುವುದು ಇಲಿ ಮತ್ತು ಕಪ್ಪೆಯನ್ನು ಹುಡುಕಿಕೊಂಡು. ಮನೆಗೆ ತಾಗಿ ಒಟ್ಟಿದ ಸೌದೆಯನ್ನು ದೂರ ಸರಿಸಿ, ದರಗನ್ನು ಗುಡಿಸಿ, ತಳಪಾಯದ ಬಿಲಗಳನ್ನು ಮುಚ್ಚಿಸಿ, ಕೋಳಿಗೂಡಿನ ಕಾಳು ಚೆಲ್ಲದಂತೆ ನೋಡಿಕೊಂಡ ಮೇಲೆ ಹಾವಿನ ಓಡಾಟ ತಾನಾಗಿ ತಗ್ಗಿತು. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಮತ್ತು ಬೂಟು ಇದ್ದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಎರಚಿದ ಗುಳಿಗೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ ಎಂದುಕೊಳ್ಳಬೇಡಿ. ಮಳೆನೀರು ಅದನ್ನು ಬಾವಿಯ ಕಡೆಗೆ ತಳ್ಳುತ್ತದೆ, ನಾಯಿಮರಿ ಕಚ್ಚುತ್ತದೆ, ಮಕ್ಕಳು ಆರಿಸಿಕೊಳ್ಳುತ್ತಾರೆ. ಅಟ್ಟದ ಬಾವಲಿಗೂ ಇಲಿಗೂ ಇದನ್ನು ಇಡುವವರಿದ್ದಾರೆ. ಅವು ಓಡಿಹೋಗುವಷ್ಟು ಆವಿ ತುಂಬಿದರೆ ಕೆಳಗಿನ ಕೋಣೆಯಲ್ಲಿ ಮನುಷ್ಯರು ಮಲಗಲು ಸಾಧ್ಯವಿಲ್ಲ.

ಮತ್ತೊಂದು ನಷ್ಟವನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ಇಲಿ ಬಾರದಿರಲಿ ಎಂದು ಗೋದಾಮಿನಲ್ಲಿ ಚೀಲಗಳ ಸಂದಿಗೆ ಗುಳಿಗೆ ಇಡಿಸಿದ್ದೆ. ಕಾಫಿಬೀಜದಷ್ಟು ಬೇಗ ಪರಿಮಳವನ್ನೂ ದುರ್ವಾಸನೆಯನ್ನೂ ಹೀರುವ ಪದಾರ್ಥ ಬೇರೆ ಕಡಿಮೆ. ಹುರಿದು ಪುಡಿ ಮಾಡಿ ಕಾಸಿದ ಲೋಟದಲ್ಲೂ ಆ ವಾಸನೆ ಉಳಿದಿತ್ತು. ಹದಿನೆಂಟು ಚೀಲ ಬೀಜವನ್ನು ಯಾರೂ ಕೊಳ್ಳಲಿಲ್ಲ. ಅಕ್ಕಿ, ಮೆಣಸು, ಏಲಕ್ಕಿ, ಅಡಿಕೆ ಇಡುವ ಜಾಗಕ್ಕೆ ಈ ಗುಳಿಗೆಯನ್ನು ಎಂದೂ ಒಯ್ಯಬಾರದು.

ರೇಷ್ಮೆ ಸೀರೆ ವ್ಯಾಪಾರಿ, ಹಾಸನ

ಜರಿ ಸೀರೆಯ ಬಗ್ಗೆ ಎರಡು ಮಾತು. ಗುಳಿಗೆ ಜರಿಗೆ ತಾಕಿದ ಕಡೆ ಹೊಳಪು ಕಂದಿ ಕಪ್ಪಾಗುವುದನ್ನು ನಾವು ಅಂಗಡಿಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ರೇಷ್ಮೆಗೆ ಗುಳಿಗೆಗಿಂತ ಆರೈಕೆ ಮುಖ್ಯ. ಉಟ್ಟ ಸೀರೆಯನ್ನು ಬೆವರಿನ ತೇವ ಆರುವವರೆಗೆ ನೆರಳಿನಲ್ಲಿ ಹರವಿ, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಇಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊರತೆಗೆದು ಮಡಿಕೆ ಬದಲಿಸಬೇಕು. ನುಸಿ ಹುಳು ತಿನ್ನುವುದು ಉಣ್ಣೆಯನ್ನು, ರೇಷ್ಮೆಯನ್ನು. ಅದಕ್ಕೂ ಹೆಚ್ಚಾಗಿ ಬೆವರು, ಊಟದ ಕಲೆ ಇರುವ ಜಾಗವನ್ನು. ಒಗೆಯದೆ ಮಡಿಸಿಟ್ಟ ಬಟ್ಟೆಯೇ ಅದಕ್ಕೆ ಆಹ್ವಾನ. ವಾಸನೆ ಹೋಗುವ ಮುಂಚೆ ಇಸ್ತ್ರಿ ಮಾಡಬೇಡಿ, ಬಿಸಿ ತಾಗಿದ ಕೂಡಲೇ ಆವಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ.

ತೋಟದಮನೆ, ಮೂಡಿಗೆರೆ ತಾಲೂಕು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ಉಪ್ಪುನೀರಿನ ಪರೀಕ್ಷೆಯನ್ನು ಮಾಡಿದೆ. ಹೆಚ್ಚಿನ ಗುಳಿಗೆಗಳು ಬರೀ ನೀರಿನಲ್ಲಿ ಮುಳುಗಿ, ಉಪ್ಪುನೀರಿನಲ್ಲಿ ತೇಲಿದವು. ಆದರೆ ಮೂರು ಗುಳಿಗೆಗಳು ಎರಡರಲ್ಲೂ ಮುಳುಗಿದವು. ಕಂಬಳಿಯ ಒಂದು ಮೂಲೆಯಲ್ಲಿ ಎಣ್ಣೆ ಚೆಲ್ಲಿದಂತಹ ಅಂಟು ಕಲೆಯೂ ಇದೆ. ಇದಕ್ಕೆ ಕಾರಣವೇನು? ಇನ್ನು ಬೂಷ್ಟಿನ ಪ್ರಶ್ನೆಗೆ ಉತ್ತರ ಉಳಿದಿದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಹಾಸನ

ಆ ಅಂಟು ಕಲೆಗೆ ಕಾರಣ ಎರಡು ಬಗೆಯ ಗುಳಿಗೆಗಳ ಬೆರಕೆಯೇ ಇರಬೇಕು. ಶುದ್ಧ ನ್ಯಾಫ್ತಲೀನ್ ಕರಗಲು 80 ಡಿಗ್ರಿ ಬೇಕು, ಪ್ಯಾರಾಡೈಕ್ಲೋರೋಬೆಂಜೀನಿಗೆ 53 ಡಿಗ್ರಿ ಸಾಕು. ಆದರೆ ಎರಡೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅದಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲೇ ಕರಗಿ ದ್ರವವಾಗುತ್ತವೆ. ಹೆಂಚಿನ ಕೆಳಗಿನ ಅಟ್ಟದ ಬೇಸಿಗೆಯ ಬಿಸಿ ಅದಕ್ಕೆ ಸಾಕಾಗುತ್ತದೆ. ಕರ್ಪೂರವನ್ನು ನ್ಯಾಫ್ತಲೀನ್ ಜೊತೆ ಇಟ್ಟರೂ ಹೀಗೆಯೇ ಆಗುತ್ತದೆ. ಪ್ಯಾರಾಡೈಕ್ಲೋರೋಬೆಂಜೀನ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತದೆ. ಬಟ್ಟೆಯ ಗುಂಡಿಗಳು ಅಂಟಂಟಾದರೆ ಕಾರಣ ಅದೇ.

ಬೂಷ್ಟಿನ ವಿಷಯ. ಬೂಷ್ಟು ಬರುವುದು ತೇವದಿಂದ, ಮತ್ತು ನುಸಿಗುಳಿಗೆ ತೇವವನ್ನು ಹೀರುವುದಿಲ್ಲ. ಮೂಡಿಗೆರೆಯ ಜುಲೈ ತಿಂಗಳಿನಲ್ಲಿ ಮುಚ್ಚಿದ ಟ್ರಂಕಿಗೆ ಅರ್ಧ ಒಣಗಿದ ಬಟ್ಟೆ ಸೇರಿದರೆ, ಗುಳಿಗೆ ಎಷ್ಟಿದ್ದರೂ ಬೂಷ್ಟು ಬಂದೇ ಬರುತ್ತದೆ. ಆದ್ದರಿಂದ ಬಟ್ಟೆ ಎತ್ತಿಡುವ ಕೆಲಸ ಏಪ್ರಿಲ್, ಮೇ ತಿಂಗಳಿನ ಬಿಸಿಲಿರುವಾಗಲೇ ಮುಗಿಯಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವಾಗಲಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯಾಗಲಿ ಇಡಬಹುದು. ಡಬ್ಬಿಯಲ್ಲಿ ಶೇಖರವಾಗುವ ನೀರು ಬಟ್ಟೆಗೆ ಚೆಲ್ಲದಂತೆ ನೋಡಿಕೊಳ್ಳಬೇಕು. ಬಿಸಿಲು ಬಿದ್ದ ದಿನ ಬೀರುವಿನ ಬಾಗಿಲು ತೆರೆದಿಡಿ. ಪುಸ್ತಕದ ಕಪಾಟಿಗೂ ಇದೇ ಮಾತು ಅನ್ವಯಿಸುತ್ತದೆ.

ಬಚ್ಚಲು ಮತ್ತು ಕೈತೊಳೆಯುವ ತೊಟ್ಟಿಗೆ ಗುಳಿಗೆ ಹಾಕುವ ರೂಢಿಯನ್ನೂ ಬಿಡುವುದು ಒಳ್ಳೆಯದು. ಅದು ಕೊಳೆಯನ್ನು ತೆಗೆಯುವುದಿಲ್ಲ, ವಾಸನೆಯನ್ನು ಮತ್ತೊಂದು ವಾಸನೆಯಿಂದ ಮುಚ್ಚುತ್ತದೆ. ಬಿಸಿನೀರು ಬಿದ್ದಾಗಲಂತೂ ಕಿರಿದಾದ ಕೋಣೆಯ ತುಂಬ ಆವಿ ಏಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ನ್ಯಾಫ್ತಲೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಯುರೋಪಿಯನ್ ಒಕ್ಕೂಟ 2008ರಲ್ಲಿ ನ್ಯಾಫ್ತಲೀನ್ ನುಸಿಗುಳಿಗೆಯನ್ನು ನಿಷೇಧಿಸಿತು. ದಿನವೂ ಉಸಿರಾಡುವ ಜಾಗದಲ್ಲಿ ಇದನ್ನು ಇಡದಿರಲು ಇಷ್ಟು ಕಾರಣ ಸಾಕು.

ಹಿರಿಯರು, ಅರಸೀಕೆರೆ

ಶುಶ್ರೂಷಕಿಯವರ ಎಣ್ಣೆಯ ಮಾತನ್ನು ನಾನು ಯೋಚಿಸಿರಲಿಲ್ಲ. ನನ್ನ ಮೊಮ್ಮಗಳ ಮನೆಗೂ ಈ ವಿಷಯವನ್ನು ತಿಳಿಸಿದ್ದೇನೆ. ನಮ್ಮ ತಾಯಿ ಕೆಲವು ಪೆಟ್ಟಿಗೆಗಳಿಗೆ ಒಣಗಿದ ಬೇವಿನ ಎಲೆ, ಬಜೆ, ಲಾವಂಚದ ಬೇರನ್ನೂ ಇಡುತ್ತಿದ್ದರು. ಗುಳಿಗೆಗೆ ಬದಲಾಗಿ ಅವು ಸಾಕಾಗುತ್ತವೆಯೇ?

ರೇಷ್ಮೆ ಸೀರೆ ವ್ಯಾಪಾರಿ, ಹಾಸನ

ಅಜ್ಜನವರೇ, ಶುಚಿಯಾದ ಬಟ್ಟೆಗೆ ನುಸಿ ಬಾರದಂತೆ ನೋಡಿಕೊಳ್ಳಲು ಅವು ಸ್ವಲ್ಪ ನೆರವಾಗುತ್ತವೆ, ಆದರೆ ಈಗಾಗಲೇ ಬಿದ್ದ ಹುಳುವನ್ನು ಕೊಲ್ಲುವುದಿಲ್ಲ. ಪ್ರತಿ ವರ್ಷ ಬದಲಿಸಬೇಕು. ಪೂರ್ತಿ ಒಣಗಿರದ ಎಲೆ ಇಟ್ಟರೆ ಅದರಿಂದಲೇ ಬೂಷ್ಟು ಬರುತ್ತದೆ. ಹುಳು ಬಿದ್ದ ಸಣ್ಣ ಉಣ್ಣೆಯ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ತಂಪು ಇಳಿಯುವವರೆಗೆ ಕವರು ಬಿಚ್ಚಬಾರದು, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ.

ತೋಟದಮನೆ, ಮೂಡಿಗೆರೆ ತಾಲೂಕು

ಈ ವಾರ ಮಾಡಿದ್ದನ್ನು ತಿಳಿಸುತ್ತೇನೆ. ಹತ್ತಿ ಸೀರೆಗಳನ್ನು ಜಗುಲಿಯ ಆಚೆಯ ಚಪ್ಪರದಲ್ಲಿ ಹರವಿದ್ದೇನೆ. ವಾಸನೆ ಪೂರ್ತಿ ಹೋದ ಮೇಲೆ ಒಗೆದು ನಾನು ಉಡುತ್ತೇನೆ, ಮಗುವಿಗೆ ಬಳಸುವುದಿಲ್ಲ. ತಂಗಿಯ ಮನೆಯಿಂದ ಗುಳಿಗೆ ಸೋಂಕದ ನಾಲ್ಕು ಹಳೆಯ ಸೀರೆ ಬಂದಿವೆ. ಮಗಳ ಕುಲಾವಿಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅದನ್ನು ಗಾಜಿನ ಭರಣಿಯಲ್ಲಿ ಮುಚ್ಚಿ, ನೆನಪಿಗೆಂದು ಇಟ್ಟುಕೊಂಡೆ. ಹೊಸ ಕುಲಾವಿಯನ್ನು ಹತ್ತಿಯ ನೂಲಿನಲ್ಲಿ ಹೆಣೆಯುತ್ತಿದ್ದೇನೆ. ಕರಿಕಂಬಳಿಯನ್ನು ಕೊಡವಿ, ಬ್ರಶ್ಶಿನಿಂದ ಉಜ್ಜಿ, ಬಿಸಿಲು ಸಿಕ್ಕ ಎರಡು ದಿನ ಒಣಗಿಸಿದ್ದೇನೆ. ಯಜಮಾನರು ಅಂಗಳದ ಗುಳಿಗೆಗಳನ್ನು ಕೈಗೆ ಕವರು ಹಾಕಿಕೊಂಡು ಆರಿಸಿ, ಸೌದೆಯನ್ನು ಹಿತ್ತಲಿನ ಕೊನೆಗೆ ಸಾಗಿಸಿದರು. ಆರಿಸಿದ ಗುಳಿಗೆ ಅರ್ಧ ಡಬ್ಬಿಯಷ್ಟಿದೆ. ಅದನ್ನು ಹೂಳುವುದೋ ಸುಡುವುದೋ ತಿಳಿಯದೆ ಕೇಳುತ್ತಿದ್ದೇನೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಹಾಸನ

ಎರಡೂ ಬೇಡ. ಬಾವಿಯ ಹತ್ತಿರ ಹೂಳಿದರೆ ನೀರಿಗೆ ಸೇರುತ್ತದೆ, ಬೆಂಕಿಗೆ ಹಾಕಿದರೆ ವಿಷದ ಹೊಗೆ ಏಳುತ್ತದೆ, ಹಳ್ಳಕ್ಕೆ ಎಸೆದರೆ ಮೀನಿಗೆ ಹಾನಿ. ಉಪ್ಪುನೀರಿನಲ್ಲಿ ತೇಲಿದ, ಮಣ್ಣು ಸೋಂಕದ ಗುಳಿಗೆಗಳಲ್ಲಿ ಕಂಬಳಿಗೆ ಬೇಕಾದಷ್ಟನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ, ಟ್ರಂಕಿನಲ್ಲಿ ಕಂಬಳಿಯ ಮೇಲಿಟ್ಟು, ಮುಚ್ಚಳದ ಸಂದಿಗೆ ಅಂಟುಪಟ್ಟಿ ಹಚ್ಚಿ, ಯಾರೂ ಮಲಗದ ಕಡೆ ಇಡಿ. ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ವಿಷ ಎಂದು ಬರೆದು, ಮೂಡಿಗೆರೆಗೆ ಹೋದಾಗ ಪಟ್ಟಣ ಪಂಚಾಯಿತಿಯ ಕಸದ ಗಾಡಿಯವರಿಗೆ ಇದು ಅಪಾಯಕಾರಿ ಕಸ ಎಂದು ತಿಳಿಸಿ ಬೇರೆಯಾಗಿ ಕೊಡಿ. ಆ ಟ್ರಂಕನ್ನು ಬಾಣಂತಿ ಕೋಣೆಯ ಮೇಲಿನ ಅಟ್ಟಕ್ಕೆ ಮತ್ತೆ ಏರಿಸಬೇಡಿ. ಆವಿ ಕೆಳಕ್ಕೇ ಇಳಿಯುತ್ತದೆ.

ತೋಟದಮನೆ, ಮೂಡಿಗೆರೆ ತಾಲೂಕು

ಹಾಗೆಯೇ ಆಗಲಿ ಮೇಷ್ಟ್ರೇ. ಟ್ರಂಕನ್ನು ಕಾಫಿ ಇಡದ ಹಳೆಯ ಕೊಟ್ಟಿಗೆಗೆ ಸಾಗಿಸುತ್ತೇವೆ.